ಜರಿಗಿಡದ ಎಲೆಯಡಿಯ ಬೆರಳಚ್ಚು

ಭೂಮಿ ಆಗಿನ್ನೂ ಹೊಚ್ಚ ಹೊಸದು. ಎಷ್ಟು ಹೊಸದೆಂದರೆ ಬೆಟ್ಟಗಳ ಮೈ ಪೂರ್ತಿ ಒಣಗಿರಲಿಲ್ಲ, ಯಾವ ಕಡೆ ಹರಿಯಬೇಕೆಂದು ಹೊಳೆಗೆ ದಿನಾ ಬೆಳಿಗ್ಗೆ ಯಾರಾದರೂ ಹೇಳಿಕೊಡಬೇಕಿತ್ತು. ಗಿಡಗಳಿಗೆ ನಡೆಯಲು ಬರುತ್ತಿತ್ತು, ಮಾತಾಡಲೂ ಬರುತ್ತಿತ್ತು. ಆದರೆ ಯಾವ ಗಿಡಕ್ಕೂ ಹೂವಿರಲಿಲ್ಲ, ಬೀಜವಿರಲಿಲ್ಲ.

ಒಂದು ದಿನ ಸೂರ್ಯ ಡಂಗುರ ಸಾರಿಸಿದ. ಡಂಗುರ ಹೊಡೆದದ್ದು ಗಾಳಿ. ಮಳೆಗಾಲ ಮುಗಿದ ಮರುದಿನ ಎಲ್ಲ ಗಿಡಗಳೂ ಬಯಲಿಗೆ ಬರಬೇಕು, ಬೆಳಗಿನಿಂದ ಮಟಮಟ ಮಧ್ಯಾಹ್ನದವರೆಗೆ ಸೂರ್ಯನ ಮುಖ ನೋಡುತ್ತಾ ನಿಲ್ಲಬೇಕು. ನಿಂತವರಿಗೆ ಹೂವು, ಹೂವಿನೊಳಗೆ ಬೀಜ, ಬೀಜದೊಳಗೆ ಮಕ್ಕಳು. ಬರದವರ ವಂಶ ಅವರ ಜೊತೆಗೇ ಮುಗಿಯಿತು.

ಕಾಡಿಗೆ ಕಾಡೇ ಕುಣಿದಾಡಿತು. ಜರಿಗಿಡ ಮಾತ್ರ ಹಳ್ಳದ ಬಂಡೆಯಡಿ ಮುದುಡಿ ಕೂತಿತ್ತು. ಅದರ ಎಲೆ ಎಷ್ಟು ತೆಳುವೆಂದರೆ ಸೂರ್ಯ ಇಣುಕಿದರೇ ಸಾಕು, ಅಂಚು ಸುಟ್ಟುಹೋಗುತ್ತಿತ್ತು. ಕೊನೆಗೆ ಅದು ಧೈರ್ಯ ಮಾಡಿ, ನೆರಳು ನೋಡಿ ನೋಡಿ ಹೆಜ್ಜೆ ಇಡುತ್ತಾ, ಕುಂಬಾರ ದ್ಯಾವವ್ವನ ಮನೆ ಬಾಗಿಲಿಗೆ ಬಂತು.

ದ್ಯಾವವ್ವ ಲೋಕದ ಮೊದಲ ಕುಂಬಾರಗಿತ್ತಿ. ಕೈ ಯಾವಾಗಲೂ ಕೆಮ್ಮಣ್ಣು, ಬಾಯಿ ಯಾವಾಗಲೂ ಮಾತು. ಗಿಡದ ಗೋಳು ಕೇಳಿ ಅವಳು ಜೋರಾಗಿ ನಕ್ಕುಬಿಟ್ಟಳು.

“ಇಷ್ಟಕ್ಕ ಅಳ್ತೀಯೇನ ಮಗಳ? ಹಸಿ ಗಡಿಗೀನ ಬೆಂಕಿಗೆ ಗಟ್ಟಿ ಮಾಡಾಕಿ ನಾನು. ನಿನ್ನ ಬಿಸಿಲಿಗೆ ಗಟ್ಟಿ ಮಾಡೂದು ಯಾವ ದೊಡ್ಡ ಮಾತು?”

ಮಾಡಿದ ಮಡಕೆಯನ್ನು ಅವಳು ಮೊದಲು ನೆರಳಲ್ಲಿ ಆರಿಸುತ್ತಿದ್ದಳು, ಆಮೇಲೆ ಎಳೆ ಬಿಸಿಲಿಗೆ, ಆಮೇಲೆ ಉರಿ ಬಿಸಿಲಿಗೆ, ಕಡೆಗೆ ಮಡಕೆ ಸುಡುವ ಆವಿಗೆಯ ಬೆಂಕಿಗೆ. ಗಿಡಕ್ಕೂ ಅದೇ ಉಪಾಯ ಹೂಡಿದಳು. ಚೆನ್ನಾಗಿ ಬೆಂದ ಕುಂಡದಲ್ಲಿ ನೆಟ್ಟು, ಮೊದಲ ದಿನ ಹೊಸಿಲ ಒಳಗಿಟ್ಟಳು. ಎರಡನೆಯ ದಿನ ಜಗಲಿಗೆ ತಂದಳು. ಮೂರನೆಯ ದಿನ ಅಂಗಳದ ಅಂಚಿಗೆ, ನಾಲ್ಕನೆಯ ದಿನ ಅಂಗಳದ ನಡುವಿಗೆ. ದಿನಾ ಬೆರಳಲ್ಲಿ ತಟ್ಟಿ ನೋಡಿ, ಗಟ್ಟಿಯಾಗ್ತಾ ಇದೆ ಎಂದು ಹಿಗ್ಗಿದಳು.

ಪಾಪ, ಗಟ್ಟಿಯಾಗುತ್ತಿರಲಿಲ್ಲ, ಒಣಗುತ್ತಿತ್ತು. ಐದನೆಯ ದಿನ ತಟ್ಟಿದಾಗ ಎಲೆಗಳು ಪುಡಿಪುಡಿಯಾಗಿ ಅವಳ ಅಂಗೈಗೇ ಉದುರಿದವು.

ನಂಬಿ ಬಂದ ಜೀವವನ್ನು ತನ್ನ ಕೈಯಾರೆ ಸುಟ್ಟೆನಲ್ಲಾ ಎಂದು ದ್ಯಾವವ್ವ ತಲೆ ತಲೆ ಚಚ್ಚಿಕೊಂಡಳು. ಓಡಿ ಹೋಗಿ ಆವಿಗೆಯ ಹಿಂದೆ ಎಸೆದಿದ್ದ ಅರೆಬೆಂದ ಕುಂಡವೊಂದನ್ನು ತಂದಳು. ಅದರ ಮೈಯಿಂದ ಸದಾ ನೀರು ಜಿನುಗುತ್ತದೆಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಕೊಳೆತ ಎಲೆ, ಇದ್ದಿಲ ಚೂರು, ಒಂದು ಹಿಡಿ ಮರಳು ಕಲಸಿ ತುಂಬಿದಳು. ಒಣಗಿದ್ದನ್ನೆಲ್ಲ ಕತ್ತರಿಸಿ ಬೇರನ್ನು ಮೆಲ್ಲಗೆ ಕೂರಿಸಿದಳು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಟ್ಟು, ಒಳಮನೆಯ ನೀರಿನ ಗಡಿಗೆಗಳ ಪಕ್ಕ ಜಾಗ ಕೊಟ್ಟಳು. ಅಲ್ಲಿ ಬೆಳಕು ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ. ಇನ್ನು ಕಾಯುವುದೊಂದೇ ಉಳಿದಿತ್ತು.

ಒಂದು ದಿನ, ಎರಡು ದಿನ, ಹತ್ತು ದಿನ. ಹನ್ನೊಂದನೆಯ ಬೆಳಿಗ್ಗೆ ಕುಂಡದೊಳಗಿಂದ ಏನೋ ಎದ್ದಿತ್ತು! ಕೂಸಿನ ಮುಷ್ಟಿಯಂತೆ ಸುರುಳಿ ಸುತ್ತಿಕೊಂಡಿದ್ದ ಪುಟ್ಟ ಹಸಿರು ಎಲೆ. ತಲೆಯನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡೇ ಅದು ಕೇಳಿತು:

“ಅವ್ವಾ, ಬಿಸಿಲೈತೇನು?”

“ಇಲ್ಲ ಮಗಳ, ನೆಳ್ಳೈತಿ.”

ಎಲೆ ಒಂದು ಸುತ್ತು ಬಿಚ್ಚಿಕೊಂಡಿತು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಇನ್ನೊಂದು ಸುತ್ತು. ದ್ಯಾವವ್ವನಿಗೆ ಮಡಕೆ ತಿರುಗಿಸುವ ತಿಗರಿಯ ಮುಂದೆ ಕೂರಲು ಮನಸ್ಸೇ ಇಲ್ಲ. ಗಳಿಗೆಗೊಮ್ಮೆ ಎದ್ದು ಬಂದು, ಕೆಮ್ಮಣ್ಣಿನ ಒದ್ದೆ ಬೆರಳ ತುದಿಯಿಂದ ಎಲೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ, ಜೀವ ಇದೆಯಲ್ಲ ಎಂದು ನೋಡುವಳು. ಎಲೆಯ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ.

ಅಷ್ಟರಲ್ಲಿ ಮಳೆಗಾಲ ಮುಗಿದೇಬಿಟ್ಟಿತು. ಬಯಲಿನಲ್ಲಿ ಗಿಡಗಳ ಜಾತ್ರೆ! ದಾಸವಾಳಕ್ಕೆ ಕೆಂಪು ಹೂ, ಸಂಪಿಗೆಗೆ ಹಳದಿ ಹೂ, ಹುಲ್ಲಿಗೂ ಒಂದು ಚಿಟಿಕೆ ಹೂ. ದ್ಯಾವವ್ವ ಏದುಸಿರು ಬಿಡುತ್ತಾ ಓಡಿ ಬಂದು ಸೂರ್ಯನ ಎದುರು ನಿಂತಳು. ತಪ್ಪು ತನ್ನದು, ಗಿಡದ್ದಲ್ಲ, ಅದರ ಪಾಲಿನದನ್ನು ತನ್ನ ಸೆರಗಿಗೆ ಹಾಕಬೇಕು ಎಂದು ಬೇಡಿಕೊಂಡಳು.

ಸೂರ್ಯನಿಗೂ ಕನಿಕರ ಬಂತು. ಆದರೂ ಹೇಳಿದ: “ನನ್ನ ಮುಖ ನೋಡದವರಿಗೆ ನಾನು ಕೊಡಲಾರೆ ದ್ಯಾವವ್ವ. ಆಡಿದ ಮಾತು ಆಡಿದ್ದೇ.”

ಅವಳು ಬರಿ ಸೆರಗಿನಲ್ಲಿ ಕಣ್ಣೊರೆಸುತ್ತಾ ಮನೆಗೆ ಬಂದಳು. ಕುಂಡದ ಮುಂದೆ ಕೂತು, ನಿನಗೆ ಏನೂ ತರಲಿಲ್ಲ ಎಂದಳು. ಗಿಡ ಅಳಲಿಲ್ಲ. ಮೆಲ್ಲಗೆ, ಗುಟ್ಟು ಹೇಳುವವರ ಹಾಗೆ ಅಂದಿತು:

“ಅವ್ವಾ, ನನ್ನ ಎಲಿ ಕೆಳಗ ನೋಡು.”

ಎಲೆ ಎತ್ತಿ ನೋಡಿದರೆ ಸಾಲು ಸಾಲು ಚುಕ್ಕೆ! ನರದ ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು, ಎಲ್ಲವೂ ಕೆಮ್ಮಣ್ಣಿನ ಬಣ್ಣ. ದಿನಾ ಮುಟ್ಟಿದ ಅವಳ ಬೆರಳ ಗುರುತುಗಳೇ ಅಲ್ಲಿ ಬೇರೂರಿ, ಉಬ್ಬಿ, ಮಾಗಿ ನಿಂತಿದ್ದವು. ಬಾಗಿಲಲ್ಲಿ ಇಣುಕುತ್ತಿದ್ದ ಗಾಳಿಗೆ ಸುಮ್ಮನಿರಲಾಗಲಿಲ್ಲ. ಒಳನುಗ್ಗಿ ಎಲೆಗೆ ಕಚಗುಳಿ ಇಟ್ಟಿತು. ಚುಕ್ಕೆಗಳು ಒಡೆದು ಹಿಟ್ಟಿನಂಥ ಧೂಳು ಹಾರಿ ಗಡಿಗೆಗಳ ಒದ್ದೆ ಮೈಗೆ, ಬಚ್ಚಲಿನ ಗೋಡೆಗೆ, ಬಾವಿಯ ಕಲ್ಲಿನ ಸಂದಿಗೆ ಹೋಗಿ ಕೂತಿತು. ಮುಂದಿನ ಮಳೆಗೆ ಅಲ್ಲೆಲ್ಲ ಪುಟ್ಟ ಪುಟ್ಟ ಮುಷ್ಟಿಗಳು ಎದ್ದು ಒಟ್ಟೊಟ್ಟಿಗೆ ಕೇಳಿದವು: “ಅವ್ವಾ, ಬಿಸಿಲೈತೇನು?”

ದ್ಯಾವವ್ವ ಮನೆಯ ತುಂಬ ಓಡಾಡಿ ಒಂದೊಂದಕ್ಕೂ ಉತ್ತರ ಕೊಟ್ಟಳು, ನಗುತ್ತಲೂ ಅಳುತ್ತಲೂ. ಮೇಲಿನಿಂದ ನೋಡುವ ಸೂರ್ಯನಿಗೆ ಎಲೆಯಡಿಯ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಕಣ್ರೋ ಮಕ್ಕಳೇ, ನಿಮ್ಮ ಮನೆಯ ವರಾಂಡದ ಕುಂಡದಲ್ಲಿರುವ ಜರಿಗಿಡ ಇವತ್ತಿಗೂ ಹೂ ಬಿಡುವುದಿಲ್ಲ, ಎಳೆ ಎಲೆ ಸುರುಳಿ ಸುತ್ತಿಕೊಂಡೇ ಏಳುತ್ತದೆ. ಅದರ ಎಲೆಯಡಿ ಕಂದು ಚುಕ್ಕೆಗಳ ಸಾಲು ಕಂಡರೆ ರೋಗವೆಂದು ಒರೆಸಿಬಿಡಬೇಡಿ, ಅವು ಜೀವ ಇದೆಯಲ್ಲ ಎಂದು ಮುಟ್ಟಿ ಮುಟ್ಟಿ ನೋಡಿದ ದ್ಯಾವವ್ವನ ಬೆರಳುಗಳು.