ಮುರು ಮೀನು ತೋರಿಸಿಕೊಟ್ಟ ಬಾಗಿಲು

ದೂರದ ಹವಳದ ದಿಬ್ಬದ ಬಳಿ ಮುಳುಗಿದ ಹಡಗೊಂದಿತ್ತು. ಅದರ ಒಳಕೋಣೆಯಲ್ಲಿ ಬಸುರಿ ಶಾರ್ಕೊಂದು ನೆಲೆಸಿತ್ತು. ಹೊರಗಿನ ಹವಳದ ಸಂದಿಯಲ್ಲಿ ಅದರ ನೆರೆಯ ಮುರು ಮೀನು ವಾಸವಾಗಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಮನುಷ್ಯರಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ಮುರುವಿಗೆ ಬಲು ಆಸೆ. ಒಂದು ದಿನ ಅದು ಅವರ ಮುಂದೆ ಮುಂದೆ ಈಜಿ ಆ ಕೋಣೆಯ ಬಾಗಿಲು ತೋರಿಸಿತು. ಒಬ್ಬ ಅದರ ಬೆನ್ನು ಸವರಿದ. ಮರುದಿನ ದೀಪ ಹಿಡಿದವರ ಹಿಂಡೇ ಬಂದು ಕೋಣೆಗೆ ನುಗ್ಗಿತು.

ಅವರು ಮೇಲೇರಿ ಹೋದೊಡನೆ ಶಾರ್ಕ್ ಹೊರಟು ನಿಂತಿತು.

"ಅಕ್ಕಾ, ಅವರು ನಿನಗೇನೂ ಕೇಡು ಮಾಡಲಿಲ್ಲವಲ್ಲ!" ಎಂದಿತು ಮುರು.

"ಇಲ್ಲ ತಮ್ಮಾ. ಆದರೆ ಮರಿ ಹಾಕಲು ನನಗೆ ಯಾರ ಕಣ್ಣಿಗೂ ಬೀಳದ ಜಾಗ ಬೇಕು. ಇದು ನಿನಗೊಬ್ಬನಿಗೇ ಗೊತ್ತಿತ್ತು."

"ತಪ್ಪಾಯಿತು. ಇನ್ನು ಯಾರಿಗೂ ತೋರಿಸುವುದಿಲ್ಲ, ಇಲ್ಲೇ ಇರು."

"ಇನ್ನು ನೀನು ತೋರಿಸಬೇಕಾಗಿಯೇ ಇಲ್ಲವಲ್ಲ, ತಮ್ಮಾ" ಎಂದು ಶಾರ್ಕ್ ಆಳಕ್ಕೆ ಸರಿದುಹೋಯಿತು.

ಮತ್ತೆ ಬಂದವರು ಬರಿದಾದ ಕೋಣೆಯನ್ನು ಇಣುಕಿ ನೋಡಿ, ಮುರುವಿನತ್ತ ತಿರುಗಿಯೂ ನೋಡದೆ ಬೇರೆ ದಿಬ್ಬ ಹುಡುಕಿಕೊಂಡು ಹೋದರು. ಅಂದಿನಿಂದ ಮುರು ಆ ಬಾಗಿಲಿಗೆ ಅಡ್ಡ ನಿಂತು ಕಾವಲು ಕಾಯತೊಡಗಿತು. ಒಳಗೆ ಯಾರೂ ಇರಲಿಲ್ಲ.