ಅಕ್ಕಣಿಯ ಜೋಡಿಗೋಡೆ

ಬನ್ನಿ, ಹತ್ತಿರ ಕೂತುಕೊಳ್ಳಿ. ಬುದ್ಧಿವಂತರ ಕತೆ ಬೇಕಾದವರು ಎದ್ದು ಹೋಗಬಹುದು, ಬೇಸರವಿಲ್ಲ. ಇದು ಶೀನನ ಕತೆ.

ಕುಂದಾಪುರದ ಕಡೆ, ಕಡಲ ಬದಿಗೆ ಒಂದೂರು. ಅಲ್ಲಿ ಅಕ್ಕಣಿ ಅಂತ ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದ, ಉಳಿದವನು ಮಗ ಶೀನ. ಮೂವತ್ತು ದಾಟಿದ ಆಳು. ಮೈಮುರಿದು ದುಡಿಯುತ್ತಾನೆ, ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಾನೆ. ತೊಂದರೆ ಅದೇ!

ಅಕ್ಕಣಿಯ ಹಳೇ ಮನೆಯಲ್ಲಿ ಕಡಲ ಕಡೆಯ ಗೋಡೆ ಮಳೆ ಶುರುವಾದರೆ ನೆನೆದು ಹಸಿಹಸಿ. ಅದರ ಬುಡದಲ್ಲೇ ಅವಳ ಚಾಪೆ. ಸೊಂಟ ಹಿಡಿದು, ದಮ್ಮು ಕಟ್ಟಿ, ನಾಲ್ಕು ತಿಂಗಳು ನರಳಾಟ. ಅವಳ ಆಸೆ ಒಂದೇ ಒಂದು. ಸಾಯುವ ಮೊದಲು ಒಂದು ಮಳೆಗಾಲ ಒಣಗಿದ ಗೋಡೆಗೆ ಬೆನ್ನು ಕೊಟ್ಟು ಮಲಗಬೇಕು.

ಹೊಸಮನೆ ಕಟ್ಟಲು ಹೊರಟಾಗ ಬಚ್ಚ ಮೇಸ್ತ್ರಿ ಹೇಳಿದ, "ಅಕ್ಕಣಿಯಕ್ಕ, ಜೋಡಿಗೋಡೆ ಮಾಡುವ. ಹೊರಗೊಂದು, ಒಳಗೊಂದು, ನಡುವೆ ಒಂದು ಗೇಣು ಸಂದು. ಹೊರಗಿನದು ನೆನೆಯಲಿ, ಒಳಗಿನದು ಒಣಗಿರ್‍ತದೆ. ಒಳಗೋಡೆಯ ಬೆನ್ನಿಗೆ ಥರ್ಮಕೋಲ್ ಹಲಗೆ ಇಟ್ಟರೆ ಬೆಚ್ಚಗೂ ಆಯ್ತು."

ಊರವರು ನಕ್ಕರು. "ಒಂದು ಗೋಡೆಗೇ ಗತಿಯಿಲ್ಲ, ಇವಳಿಗೆ ಎರಡಂತೆ!" ಯಾರು ನಕ್ಕದ್ದು? ಸೋರುವ ಹಂಚಿನ ಕೆಳಗೆ ಚೊಂಬು ಇಟ್ಟು ಮಲಗುವವರು.

ಕೆಲಸ ಶುರುವಾಯಿತು. ಊಟಕ್ಕೆ ಹೋಗುವಾಗ ಮೇಸ್ತ್ರಿ ಶೀನನಿಗೆ ಹೇಳಿದ, "ನೋಡ್ಕೊ ಶೀನ, ಸಂದು ಖಾಲಿ ಇರ್ಕ್. ಈ ಗೋಡೆಯಿಂದ ಆ ಗೋಡೆಗೆ ಒಂದು ಚೂರೂ ತಾಗುಕಾಗ. ಗಾರೆ ಬಿದ್ರೂ ತೆಗಿ."

ಶೀನ ಬಗ್ಗಿ ನೋಡಿದ. ಈ ಗೋಡೆಯಿಂದ ಆ ಗೋಡೆಗೆ ಸಾಲುಸಾಲು ಉಕ್ಕಿನ ಕೊಂಡಿ! ಎರಡು ಗೋಡೆ ಜೋಡಿಯಾಗಿ ನಿಲ್ಲಲಿ ಅಂತ ಮೇಸ್ತ್ರಿಯೇ ಇಟ್ಟದ್ದು. ಒಂದೊಂದೇ ಕಿತ್ತ. ಎಲ್ಲವನ್ನೂ ಕಿತ್ತ. ತೊಳೆದು ಒರೆಸಿ ಸಾಲಾಗಿ ಇಟ್ಟ.

ಸಂಜೆ ಕಡಲ ಗಾಳಿ ಬೀಸಿತು. ಹೊರಗೋಡೆ ದೊಪ್ಪ!

"ಎಂತ ಮಾಡ್ದೆ ಮರುಳೇ?"

"ತಾಗುಕಾಗ ಅಂದ್ರಲ್ಲ ಅಮ್ಮ! ತೆಗ್ದೆ!"

ಅಕ್ಕಣಿ ಹಣೆ ಬಡಿದುಕೊಂಡಳು. "ಇನ್ನು ಸಂದಿನೊಳಗೆ ಎಂತದೇ ಇರಲಿ, ಇದ್ದಲ್ಲೇ ಇರಲಿ! ನೀನು ಕೈ ಹಾಕುಕಾಗ! ಕೇಳ್ತಾ?"

"ಕೇಳ್ತು."

ಗೋಡೆ ಮತ್ತೆ ಎದ್ದಿತು, ಎದೆಯೆತ್ತರ. ಕೊಂಡಿ ಕೂತವು, ಥರ್ಮಕೋಲ್ ಹಲಗೆ ಕೂತವು. ಮೇಸ್ತ್ರಿ ನೆಂಟರ ಮದುವೆಗೆ ಅಂತ ಮೂರು ದಿನ ರಜೆ ಮಾಡಿದ. ಶೀನ ಕಾವಲು.

ಪಕ್ಕದ ಮನೆಯ ಹೇಟೆ ಕೋಳಿ ಗೋಡೆ ಹತ್ತಿ ಸಂದಿಗೆ ಇಳಿಯಿತು. ಕೋಳಿಗೆ ಥರ್ಮಕೋಲ್ ಅಂದರೆ ಪಂಚಪ್ರಾಣ. ಕುಟುಕಿತು, ಕುಟುಕಿತು, ದಿನಕ್ಕೊಂದು ಮೊಟ್ಟೆಯನ್ನೂ ಇಟ್ಟಿತು. ಶೀನ ಮೂರೂ ದಿನ ಮೇಲಿಂದ ನೋಡಿದ. ಕೈ ಹಾಕಲಿಲ್ಲ. ನೀರು ಕುಡಿಯಲಿ ಪಾಪ ಅಂತ ತೆಂಗಿನ ಗರಟೆಯಲ್ಲಿ ನೀರು ಮಾತ್ರ ಇಳಿಸಿದ.

ಅಕ್ಕಣಿ ಬಂದು ನೋಡಿದರೆ ಹಲಗೆಯೆಲ್ಲ ಅಕ್ಕಿನುಚ್ಚು!

"ಅಯ್ಯೋ! ಓಡಿಸುಕಾಗಲಿಲ್ವಾ?"

"ಇದ್ದಲ್ಲೇ ಇರಲಿ ಅಂದ್ಯಲ್ಲ ಅಮ್ಮ! ಇತ್ತು!"

"ನಿನ್ನ ತಲೆ! ತೂತು ಕಂಡಲ್ಲಿ ಮುಚ್ಕ್, ಜೀವಜಂತು ಹೋಗದ ಹಾಗೆ! ಕೇಳ್ತಾ?"

"ಕೇಳ್ತು."

ಹೊಸ ಹಲಗೆ ಕೂತವು, ಗೋಡೆ ಪೂರ್ತಿಯಾಯಿತು, ಮೇಲೆ ಹಂಚಿನ ಮಾಡು ಕೂತಿತು. ಹೊರಗೋಡೆಯ ಬುಡದಲ್ಲಿ ಮೇಸ್ತ್ರಿ ಮೊಳಕ್ಕೊಂದು ಕಿಂಡಿ ಬಿಟ್ಟಿದ್ದ. ಸಂದಿಗೆ ಇಳಿದ ನೀರು ಹೊರಗೆ ಹರಿದುಹೋಗಲು ಇರುವ ದಾರಿ ಅದು. ಶೀನ ಕಂಡ. ತೂತು! ಇಲ್ಲೊಂದು, ಅಲ್ಲೊಂದು, ಅಯ್ಯಯ್ಯೋ ಎಷ್ಟೊಂದು! ಸಿಮೆಂಟು ಕಲಸಿದ, ಎಲ್ಲವನ್ನೂ ಮುಚ್ಚಿದ, ಮೇಲಿಂದ ಹೆಬ್ಬೆರಳಿನಲ್ಲಿ ತಿಕ್ಕಿ ನುಣ್ಣಗೆ ಮಾಡಿದ.

ಮೊದಲ ಮಳೆ ಹೊಯ್ಯಿತು. ಹೋಗಲು ದಾರಿಯಿಲ್ಲದ ನೀರು ಸಂದಿನಲ್ಲೇ ನಿಂತಿತು, ಏರಿತು, ಒಳಗೋಡೆಯ ಬುಡ ಕಪ್ಪಾಯಿತು. ಮೇಸ್ತ್ರಿ ಉಳಿ ಹಿಡಿದು ಬಂದು ಕಿಂಡಿ ಒಡೆದ. ಬುಳಬುಳ ಅಂತ ಬಂದ ನೀರು ಮೇಸ್ತ್ರಿಯ ಚಪ್ಪಲಿಯನ್ನು ಹೊತ್ತುಕೊಂಡು ಹೋಯಿತು. ಆ ಗೋಡೆ ಒಣಗಲಿ ಅಂತ ಕಾದು ಕಾದು ಆಷಾಢ ಹತ್ತಿರ ಬಂತು. ಆಷಾಢ ಹಿಡಿದರೆ ಮನೆ ಒಕ್ಕಲಿಲ್ಲ, ಗೃಹಪ್ರವೇಶಕ್ಕೆ ಮತ್ತೆ ಶ್ರಾವಣವೇ. ಅಷ್ಟರಲ್ಲಿ ಮಳೆಯ ಮುಕ್ಕಾಲು ಪಾಲು ಹಳೇ ಗೋಡೆಯ ಬುಡದಲ್ಲೇ! ಭಟ್ಟರು ಪಂಚಾಂಗ ತಿರುವಿ, "ಇನ್ನು ಒಂದೇ ಮುಹೂರ್ತ ಉಂಟು, ತಪ್ಪಿದರೆ ನನ್ನನ್ನು ಕೇಳಬೇಡಿ" ಅಂದರು.

ಅಕ್ಕಣಿಗೆ ಅಳುವೂ ಬಂತು, ಸಿಟ್ಟೂ ಬಂತು. "ಶೀನಾ, ಇನ್ನು ನೀರು ತೊಟ್ಟಿಕ್ಕುವ ಯಾವ ವಸ್ತುವೂ ಈ ಮನೆಯೊಳಗೆ ಬಪ್ಪುಕಾಗ! ಎಂತದೇ ಇರಲಿ, ಯಾರೇ ಇರಲಿ! ಕೇಳ್ತಾ?"

"ಕೇಳ್ತು ಅಮ್ಮ. ಯಾರೇ ಇರಲಿ."

ಒಕ್ಕಲಿನ ದಿನ. ಮನೆ ಕಾಯಲು ಹಿಂದಿನ ಸಂಜೆಯೇ ಬಂದ ಶೀನ ಒಳಗೆ, ಅಗುಳಿ ಹಾಕಿಕೊಂಡು. ಹೊರಗೆ ಮಳೆ, ಮುಗಿಲೇ ಹರಿದ ಹಾಗೆ. ಮೊದಲು ಭಟ್ಟರು ಬಂದರು. ಕೊಡೆಯಿಂದ ನೀರು, ಪಂಚೆಯಿಂದ ನೀರು. ಶೀನ ಕಿಟಕಿಯಲ್ಲಿ ಮುಖ ಇಟ್ಟು, "ನೀರು ತೊಟ್ಟಿಕ್ತದೆ, ಒಳಗೆ ಬಪ್ಪುಕಾಗ ಭಟ್ರೆ!" ನಗಲು ಬಂದ ಊರವರೂ ಬಂದರು, ತೊಯ್ದ ಕಾಗೆಗಳ ಹಾಗೆ. "ಬಪ್ಪುಕಾಗ! ಬಪ್ಪುಕಾಗ!"

ಕೊನೆಗೆ ಅಕ್ಕಣಿ. ಹೊಸ ಸೀರೆ ಮೈಗಂಟಿದೆ, ಜಡೆಯಿಂದ ನೀರು ಇಳಿಯುತ್ತಿದೆ. ಕಂಕುಳಲ್ಲಿ ತುಂಬಿದ ಕೊಡ. ಮನೆಯ ಹೆಂಗಸು ತುಂಬಿದ ಕೊಡ ಹಿಡಿದು ಬಲಗಾಲಿಟ್ಟರೇ ಒಕ್ಕಲು.

"ಶೀನಾ, ಬಾಗಿಲು!"

"ನಿನ್ನ ಮೈಯಿಂದ ನೀರು ತೊಟ್ಟಿಕ್ತದಲ್ಲ ಅಮ್ಮ! ಮತ್ತೆ ಕೊಡದ ತುಂಬ ನೀರು!"

"ಮನೆ ಯಾರದ್ದಾ?"

"ನಿನ್ನದೇ! ಅದಕ್ಕೇ ಬಿಡೂದಿಲ್ಲ!"

ಅಕ್ಕಣಿ ಬೈದಳು, ಬಾಗಿಲು ಬಡಿದಳು, ಕೈ ಮುಗಿದಳು. ಮೇಸ್ತ್ರಿ ಬಾಗಿಲಿಗೆ ಹೆಗಲು ಕೊಟ್ಟ. ಒಳಗಿಂದ ಶೀನನೂ ಹೆಗಲು ಕೊಟ್ಟ. ದುಡಿಮೆಯ ಮೈ, ಬಾಗಿಲು ಅಲುಗಲಿಲ್ಲ. ಭಟ್ಟರು ಗಡಿಯಾರ ನೋಡಿದರು. ಮತ್ತೆ ನೋಡಿದರು. ಪಂಚಾಂಗ ಮಡಚಿ ಚೀಲಕ್ಕೆ ತುರುಕಿ ನಡೆದೇಬಿಟ್ಟರು.

ಅಕ್ಕಣಿ ಕೊಡ ಕೆಳಗಿಟ್ಟಳು. ನೆನೆದ ಹೊರಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತಳು. ಅವಳ ಬೆನ್ನ ಹಿಂದೆ, ಗೋಡೆಯಾಚೆ, ಸಂದಿನಾಚೆ, ಮತ್ತೊಂದು ಗೋಡೆಯಾಚೆ ಶೀನ ಚಾಪೆ ಬಿಡಿಸಿದ, ಗೋಡೆಯನ್ನು ಅಂಗೈಯಿಂದ ಸವರಿ ನೋಡಿದ, ಖುಷಿಯಿಂದ ಕೂಗಿದ:

"ಅಮ್ಮಾ! ಒಂದು ಹನಿ ಪಸೆ ಇಲ್ಲ! ನೀನು ಬೇಗ ಒಣಗಿ ಬಾ!"