ಜವರ ತಾಂಬೂಲ ಹಂಚಿದ್ದು

ಕಾಲುವೆ ನೀರು ಹರಿಯುವ ಸೀಮೆಯಲ್ಲಿ ಒಂದು ಊರು. ಊರ ಕೊನೆಯ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಚಿಕ್ಕತಾಯಮ್ಮ, ಮಗ ಜವರ. ತಾಯಿ ಹೇಳಿದ್ದನ್ನು ಮಗ ಮಾಡುತ್ತಿದ್ದ. ಅಷ್ಟೇ ಆಗಿದ್ದರೆ ಒಳ್ಳೆ ಮಗ ಅನ್ನಬಹುದಿತ್ತು. ಆದರೆ ಜವರ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದಕ್ಷರ ಆಚೆಗಿಲ್ಲ, ಒಂದಕ್ಷರ ಈಚೆಗಿಲ್ಲ. ಬಾಗಿಲು ನೋಡ್ಕೋ ಅಂದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ನೋಡುತ್ತ ನೋಡುತ್ತ ಹಲಗೆಯ ಗೆರೆಗಳಲ್ಲಿ ಹೊಳೆ ಕಾಣುತ್ತಿತ್ತು, ಹೊಳೆಯಲ್ಲಿ ಹರಿಗೋಲು ಕಾಣುತ್ತಿತ್ತು. ಬೆಕ್ಕು ಒಳಗೆ ಹೋಗಿ ಹಾಲು ಕುಡಿದದ್ದು ಮಾತ್ರ ಕಾಣುತ್ತಿರಲಿಲ್ಲ.

ಮೀಸೆ ಬಂದ ಮಗ ಹೀಗಾದನಲ್ಲ ಅಂತ ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಜವರನಿಗೂ ಒಳಗೊಳಗೇ ಒಂದು ಆಸೆಯಿತ್ತು. ಅವ್ವ ಒಂದೇ ಒಂದು ಸಲ, ಇದು ನನ್ನ ಮಗ ಮಾಡಿದ್ದು ಅಂತ ನಾಲ್ಕು ಜನರ ಮುಂದೆ ಹೇಳಬೇಕು ಅಂತ.

ಚಿಕ್ಕತಾಯಮ್ಮನದು ಮದುವೆಮನೆ ಸಿಂಗರಿಸುವ ಕೆಲಸ. ಬೆಂಡು ಕೊಯ್ದು ಬಾಸಿಂಗ ಕಟ್ಟುವಳು, ಭತ್ತದ ತೆನೆ ಹೆಣೆದು ತೋರಣ ಮಾಡುವಳು, ತೆಂಗಿನ ಗರಿಯಲ್ಲಿ ಗಿಣಿ ಮಡಿಸುವಳು. ಆದರೆ ಈಗ ಯಾರಿಗೆ ಬೇಕು ಅದೆಲ್ಲ? ಎಲ್ಲರೂ ಪೇಟೆಯಿಂದ ಪ್ಲಾಸ್ಟಿಕ್ ಹೂ ತಂದು ಕಟ್ಟುತ್ತಿದ್ದರು. ಕೆಲಸವಿಲ್ಲದೆ ಅವಳ ಬೆರಳೂ ಬಿಗಿಯುತ್ತಾ ಬಂದಿತ್ತು.

ಅಂಥದರಲ್ಲಿ ಪಕ್ಕದೂರಿನ ಬೋರೇಗೌಡರ ಮನೆಯಿಂದ ಮದುವೆ ಸಿಂಗಾರಕ್ಕೆ ಹೇಳಿಕೆ ಬಂತು. ಗೌಡರ ಮಗಳು ಇಂಚರ ಪಟ್ಟಣದಲ್ಲಿ ಓದಿದವಳು. ಮದುವೆಯಾದರೆ ಅಜ್ಜಿಯ ಕಾಲದಲ್ಲಿ ಆಗುತ್ತಿದ್ದ ಹಾಗೇ ಆಗಬೇಕು, ಎಲ್ಲವೂ ಕೈಯಲ್ಲೇ ಮಾಡಿದ್ದಿರಬೇಕು ಅಂತ ಹಟ ಹಿಡಿದಿದ್ದಳಂತೆ. ಬಂದವರಿಗೆ ಕೊಡುವ ತಾಂಬೂಲದ ಚೀಲವನ್ನೂ ಅಜ್ಜಿಯ ಹಳೇ ಸೀರೆಗಳಲ್ಲೇ ಹೊಲಿಯಬೇಕಂತೆ. ಚಿಕ್ಕತಾಯಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಇದೊಂದು ಚೆನ್ನಾಗಾದರೆ ಸೀಮೆಯೆಲ್ಲ ಮತ್ತೆ ಕರೆಯುತ್ತದೆ, ಕೆಟ್ಟರೆ ಇನ್ನು ಕರೆಯುವವರೇ ಇಲ್ಲ.

ಬೆಳಗಾಗೆದ್ದು ಮಗನನ್ನು ಅವನ ಮಾವನ ಊರಿಗೆ ಬೆಂಡು ತರಲು ಕಳಿಸಿದಳು. ಬೆಂಡೇನು ಭಾರ ಅಲ್ಲ ಕಣಪ್ಪ, ತೇಲಿಸಿಕೊಂಡು ಬಂದ ಹಾಗೆ ತಂದುಬಿಡು ಅಂದಳು.

ಜವರ ಹೋದ, ಮಾವನಿಂದ ಬೆಂಡಿನ ಕಟ್ಟು ಇಸಿದುಕೊಂಡ, ಕಾಲುವೆಗೆ ಬಿಟ್ಟ. ಬೆಂಡು ನೀರಲ್ಲಿ, ಜವರ ಏರಿಯ ಮೇಲೆ. ಬಿಳಿ ಬೆಂಡು ಬಿಳಿ ಮೋಡದ ನೆರಳನ್ನು ಹಾದು ಹೋಗುತ್ತಿತ್ತು. ಯಾವುದು ಬೆಂಡು, ಯಾವುದು ಮೋಡ ಅಂತ ಅವನಿಗೇ ತಿಳಿಯದೆ ಹೋಯಿತು. ಮನೆಗೆ ಬಂದಾಗ ಕಟ್ಟು ಸೊರಗಿ, ಕೆಸರು ಕುಡಿದು, ಎಮ್ಮೆಯ ಬಾಲದ ಹಾಗಾಗಿತ್ತು.

"ಹೇಳಿದಂಗೇ ಮಾಡಿದೆ ಕಣವ್ವ," ಅಂದ ಜವರ.

ಚಿಕ್ಕತಾಯಮ್ಮ ಬಾಯಿಗೆ ಬಂದ ಹಾಗೆ ಬೈದಳು. ಬೈದು ಬೈದು ಸುಸ್ತಾಗಿ ಬುದ್ಧಿ ಹೇಳಿದಳು: ಮದುವೆ ಸಾಮಾನು ಅಂದ ಮೇಲೆ ಒದ್ದೆ ಇರಬಾರದು, ಬಿಸಿಲಲ್ಲಿ ಹರಡಿ ಗರಿಗರಿ ಒಣಗಿಸಿ ತರಬೇಕು. ಜವರ ಆಗಲಿ ಅಂದ. ಅವಳು ಕೆಟ್ಟ ಬೆಂಡು ತೆಗೆದು, ಉಳಿದದ್ದರಲ್ಲಿ ಬಾಸಿಂಗ ಕೊಯ್ಯಲು ಕೂತಳು.

ಆಮೇಲೆ ಎಲೆತೋಟಕ್ಕೆ ವೀಳ್ಯದೆಲೆಗೆ ಕಳಿಸಿದಳು. ಜವರ ಎಲೆ ತಂದ, ದಾರಿಯಲ್ಲಿ ಒಂದು ಬಂಡೆ ಕಂಡಿತು, ಬಂಡೆಯ ಮೇಲೆ ಒಂದೊಂದೇ ಎಲೆ ಹರಡಿದ. ಹಸಿರು ಬಂಡೆಯಾಯಿತು. ಪಕ್ಕದಲ್ಲಿ ಮಲಗಿದ. ಎಲೆಗಳು ಬಿಸಿಲಿಗೆ ಮುದುಡುವಾಗ ಪಿಸಿಪಿಸಿ ಸದ್ದು ಮಾಡುತ್ತಿದ್ದವು. ಮದುವೆಮನೆಯ ಹೆಂಗಸರು ಗುಟ್ಟು ಮಾತಾಡಿದ ಹಾಗಿತ್ತು. ಆ ಗುಟ್ಟು ಕೇಳುತ್ತ ಕೇಳುತ್ತ ನಿದ್ದೆ ಹೋದ. ಎದ್ದು ಗೋರಿ ತುಂಬಿಕೊಂಡು ಬಂದ. ಅವ್ವ ಚೀಲದೊಳಗೆ ಕೈ ಹಾಕಿದರೆ ಪುಡಿ ಸಿಕ್ಕಿತು.

"ಹೇಳಿದಂಗೇ ಮಾಡಿದೆ ಕಣವ್ವ."

ಮತ್ತೆ ಬೈಗುಳ, ಮತ್ತೆ ಬುದ್ಧಿ. ಇಂಥದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಬೇಕು, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಿರಬೇಕು, ಬಾಡಗೊಡಬಾರದು. ಜವರ ಆಗಲಿ ಅಂದ.

ಮೂರನೇ ಸಲ ಪೇಟೆಯಿಂದ ಸಕ್ಕರೆ ಅಚ್ಚು ತರಬೇಕಿತ್ತು. ಆನೆ, ನವಿಲು, ತೇರು, ಗೊಂಬೆ. ತಾಂಬೂಲದ ಜೊತೆ ಚೀಲಕ್ಕೊಂದು ಹಾಕಲಿಕ್ಕೆ. ಜವರ ಅವನ್ನು ಒದ್ದೆ ಪಂಚೆಯಲ್ಲಿ ಸುತ್ತಿದ. ಪ್ರತಿ ಬಾವಿಯ ಹತ್ತಿರ ನಿಂತು ನೀರು ಚಿಮುಕಿಸಿದ. ಮಧ್ಯೆ ಒಮ್ಮೆ ಬಿಚ್ಚಿ ನೋಡಿದರೆ ಆನೆಗೆ ಸೊಂಡಿಲಿಲ್ಲ. ಇನ್ನೊಮ್ಮೆ ನೋಡಿದರೆ ಆನೆಯೇ ಇಲ್ಲ. ಕಾಡಿಗೆ ಹೋಗಿರಬೇಕು ಅಂದುಕೊಂಡ. ಸ್ವಲ್ಪ ಹೊತ್ತಿಗೆ ನವಿಲೂ ಹೋಯಿತು. ಮನೆಗೆ ಬಂದಾಗ ಕೈಯಲ್ಲಿ ಸಿಹಿ ಪಂಚೆ, ಹಿಂದೆ ಒಂದು ಮೈಲಿ ಉದ್ದದ ಇರುವೆ ಸಾಲು. ಮದುವೆ ದಿಬ್ಬಣದ ಹಾಗೆ ಒಂದರ ಹಿಂದೆ ಒಂದು, ಸದ್ದಿಲ್ಲದೆ ಬರುತ್ತಿದ್ದವು.

ಚಿಕ್ಕತಾಯಮ್ಮ ಅಳಲಾರದೆ ನಕ್ಕಳು, ನಗಲಾರದೆ ಅತ್ತಳು. ಇರುವೆ ಎಟುಕದ ಹಾಗೆ ಹಗ್ಗ ಕಟ್ಟಿ ಎತ್ತರದಲ್ಲಿ ತೂಗುಹಾಕಬೇಕಿತ್ತು ಕಣೋ ಅಂದಳು. ಕೊನೆಗೆ ತಾನೇ ಹೋಗಿ ತೋಟದಿಂದ ಬೇರೆ ಎಲೆ, ಆಲೆಮನೆಯಿಂದ ಬೆಲ್ಲದುಂಡೆ ತಂದು ಚೀಲಗಳಿಗೆ ಹಾಕಿದಳು. ಜವರ ಅವತ್ತಿಂದ ಹೆಗಲ ಮೇಲೆ ಹಗ್ಗ ಹೊತ್ತುಕೊಂಡೇ ಓಡಾಡಿದ.

ಮದುವೆಯ ಹಿಂದಿನ ದಿನ ಸೋಬಾನೆ ಹಾಡುವ ಸಣ್ಣಮ್ಮಜ್ಜಿಯನ್ನು ಕರೆತರಲು ಹೋದದ್ದು ಅವನೇ. ಹಲ್ಲಿಲ್ಲದ, ಹಕ್ಕಿಯಷ್ಟು ಹಗುರದ ಅಜ್ಜಿ. ದಾರಿಯಲ್ಲಿ ದಣಿದು ಆಲದ ಮರದ ಕೆಳಗೆ ಕೂತಳು. ಕೂತವಳು ಕಾಲು ಕೆರೆದುಕೊಂಡು, ಹಾಳಾದ ಇರುವೆ ಅಂದಳು. ಜವರ ತಡಮಾಡಲಿಲ್ಲ.

ಅವನೊಬ್ಬನೇ ಮನೆಗೆ ಬಂದದ್ದು ನೋಡಿ ಅವ್ವ ಕೇಳಿದಳು, "ಅಜ್ಜಿ ಎಲ್ಲಪ್ಪ?"

"ಮೇಲಕ್ಕೆ ಹೋದ್ಲು ಕಣವ್ವ."

ಚಿಕ್ಕತಾಯಮ್ಮ ಕೈಲಿದ್ದದ್ದು ಬಿಟ್ಟೆದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ಹೋಗಿ ನೋಡಿದರೆ ಆಲದ ಕೊಂಬೆಗೆ ಉಯ್ಯಾಲೆ, ಉಯ್ಯಾಲೆಗೆ ಕಂಬಳಿ, ಕಂಬಳಿಯೊಳಗೆ ಅಜ್ಜಿ. ಗಾಳಿ ತೂಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡು ಹೊಸ ಮದುವಣಗಿತ್ತಿಯ ಹಾಡು ಹೇಳುತ್ತಿದ್ದಳು, ತನ್ನ ಮದುವೆಯಲ್ಲಿ ತನಗೆ ಯಾರೋ ಹೇಳಿದ್ದ ಹಾಡು. ಇಳಿಸೋಣ ಅಂದರೆ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಬಿಡು ಅಂದಳು.

ಆದರೂ ಬೈಗುಳ ತಪ್ಪಲಿಲ್ಲ. ಮನುಷ್ಯರು ಅಂದರೆ ಮೂಟೆ ಅಲ್ಲ ಅಂದಳು ತಾಯಿ. ಕೈಮುಗಿಯಬೇಕು, ಊಟ ಆಯ್ತಾ ಅಂತ ಕೇಳಬೇಕು. ಸಂಕೋಚ ಪಟ್ಟುಕೊಂಡರೆ ಬಲವಂತ ಮಾಡಿ ಕೊಡಬೇಕು. ನಾಳೆ ಚಪ್ಪರದ ಬಾಗಿಲಲ್ಲಿ ತಾಂಬೂಲದ ಚೀಲ ಇಟ್ಟುಕೊಂಡು ನೀನೇ ನಿಂತುಕೋ. ಹೋಗೋರು ಯಾರೇ ಆಗಲಿ, ಬರಿಗೈಲಿ ಹೋಗಬಾರದು.

ಜವರ ಆಗಲಿ ಅಂದ. ತನಗೆ ಅಷ್ಟು ದೊಡ್ಡ ಕೆಲಸ ಕೊಟ್ಟಳಲ್ಲ ಅಂತ ಅವನಿಗೆ ಎದೆ ತುಂಬಿ ಬಂತು.

ಮದುವೆಯ ದಿನ ಚಪ್ಪರ ನೋಡಬೇಕಿತ್ತು. ತೆನೆಯ ತೋರಣಕ್ಕೆ ಗುಬ್ಬಿಗಳು ಬಂದು ತೂಗಿದವು. ಗರಿಯ ಗಿಣಿಗಳು ದಾರದ ತುದಿಯಲ್ಲಿ ತಿರುಗಿದವು. ಬೆಂಡಿನ ಬಾಸಿಂಗ ಕಟ್ಟಿಕೊಂಡ ಇಂಚರ ಹಳೇ ಪಟದೊಳಗಿಂದ ಎದ್ದು ಬಂದವಳ ಹಾಗಿದ್ದಳು. ಮುದುಕಿಯರು ಚಿಕ್ಕತಾಯಮ್ಮನ ಕೈ ಹಿಡಿದು ಕಣ್ಣೊರೆಸಿಕೊಂಡರು. ಒಳಗೆ ಧಾರೆ ನಡೆಯಿತು, ಊಟ ನಡೆಯಿತು. ಹೊರಗೆ ಜವರ ಚೀಲಗಳ ಗುಡ್ಡೆ ಇಟ್ಟುಕೊಂಡು ರಸ್ತೆ ಕಡೆ ಮುಖ ಮಾಡಿ ನಿಂತಿದ್ದ.

ಹೋಗೋರಿಗೆ ಬರವೇ? ಗಾಡಿಯವನು ಹೋದ, ಅವನಿಗೊಂದು, ಅವನ ಎತ್ತುಗಳಿಗೊಂದೊಂದು. ಒಂದು ಹಸು ಹೋಯಿತು, ಅದರ ಕೊಂಬಿಗೊಂದು. ಅಷ್ಟರಲ್ಲಿ ಕುರಿಮಂದೆ ಬಂತು. ಕುರಿಗಾಹಿ ಮುಂದೆಲ್ಲೋ ನಡೆದುಹೋಗಿದ್ದ. ಜವರ ಒಂದೊಂದು ಕುರಿಗೂ ಕೈಮುಗಿದ, ಊಟ ಆಯ್ತಾ ಅಂತ ಕೇಳಿದ, ಒಂದೊಂದರ ಕೊರಳಿಗೂ ಚೀಲ ತೂಗುಹಾಕಿದ. ಸಂಜೆಯ ಧೂಳಲ್ಲಿ ಕೆಂಪು, ಹಸಿರು, ಕನಕಾಂಬರ ಬಣ್ಣದ ಸೀರೆ ಚೂರುಗಳು ತೇಲಿಕೊಂಡು ಹೋದವು. ಇಂಚರಳ ಅಜ್ಜಿ ಉಟ್ಟ ಸೀರೆಗಳೆಲ್ಲ ಒಟ್ಟಿಗೆ ಊರು ಬಿಟ್ಟು ಹೊರಟ ಹಾಗೆ.

ನೆಂಟರು ಎದ್ದು ಬಂದಾಗ ಗುಡ್ಡೆಯಲ್ಲಿ ಒಂದೇ ಚೀಲ ಉಳಿದಿತ್ತು.

ಬೋರೇಗೌಡರ ಮುಖ ಕಪ್ಪಿಟ್ಟಿತು. ಚಿಕ್ಕತಾಯಮ್ಮ ಎಲ್ಲ ಮುಗಿಯಿತು ಅಂದುಕೊಂಡಳು. ಅಷ್ಟರಲ್ಲಿ ಇಂಚರ ಬಾಸಿಂಗ ಕಟ್ಟಿಕೊಂಡೇ ರಸ್ತೆಗೆ ಬಂದಳು, ದೂರದ ಧೂಳಿನಲ್ಲಿ ಸೀರೆಗಳು ನಡೆದುಹೋಗುವುದನ್ನು ನೋಡಿದಳು, ನೋಡುತ್ತ ನಿಂತಳು. ಆಮೇಲೆ ಗಂಡನ ಕೈ ಹಿಡಿದು, ಬನ್ನಿ ಇಸ್ಕೊಳ್ಳೋಣ ಅಂತ ನಡೆದಳು. ಅವಳ ಹಿಂದೆ ನೆಂಟರು. ಕುರಿಗಾಹಿ ಮಂದೆ ನಿಲ್ಲಿಸಿದ. ಬೀಗರು ಪೇಟ ಸರಿಮಾಡಿಕೊಂಡು ಕುರಿಗಳಿಗೆ ತಲೆಬಾಗಿ ತಂತಮ್ಮ ತಾಂಬೂಲ ತೆಗೆದುಕೊಂಡರು. ಸಣ್ಣಮ್ಮಜ್ಜಿ ದಾರಿಯಲ್ಲೇ ನಿಂತು ಸೋಬಾನೆ ಎತ್ತಿದಳು. ಇಂಥ ಮದುವೆ ಕಂಡೇ ಇರಲಿಲ್ಲ ಅಂತ ಗಂಡಿನ ಸೋದರತ್ತೆ ಹೇಳಿ, ತನ್ನ ಮಗಳ ಮದುವೆಗೂ ಬರಬೇಕು ಅಂತ ಚಿಕ್ಕತಾಯಮ್ಮನಿಗೆ ಹೇಳಿಕೆ ಕೊಟ್ಟಳು. ಇದನ್ನೆಲ್ಲ ಮಾಡಿದವನು ಯಾರು ಅಂತ ಕೇಳಿದಳು.

ಚಿಕ್ಕತಾಯಮ್ಮ ಜವರನ ಕಡೆ ಕೈ ತೋರಿಸಿದಳು. "ನನ್ನ ಮಗ," ಅಂದಳು.

ಜನ ಕರಗಿದರು. ತಾಯಿ ಮಗ ಇಬ್ಬರೇ ಚಪ್ಪರದ ಬಾಗಿಲಲ್ಲಿ ಕೂತರು. ಅವಳಿಗೆ ಬೈಯಲೂ ಶಕ್ತಿಯಿರಲಿಲ್ಲ. ಉಳಿದ ಚೀಲವನ್ನು ಅವನ ಮಡಿಲಿಗೆ ಹಾಕಿ, ಇದು ನಿನಗೆ ಇರಲಿ, ಇನ್ನು ಹೋಗೋರು ಯಾರೂ ಇಲ್ಲ ಅಂದಳು.

ಜವರ ಪಡುವಲಿಗೆ ತಿರುಗಿ ನೋಡಿದ. "ಒಬ್ಬ ಇದಾನಲ್ಲವ್ವ," ಅಂದು ಎದ್ದು ಓಡಿದ.

ನಾಟಿಗೆ ನೀರು ಕಟ್ಟಿದ ಗದ್ದೆಯಲ್ಲಿ ಸೂರ್ಯ ಕೆಂಪಗೆ ಕೂತಿದ್ದ. ಜವರ ಮೊಣಕಾಲುದ್ದ ಕೆಸರಿಗಿಳಿದು ಕೈಮುಗಿದ. ಊಟ ಆಯ್ತಾ ಸ್ವಾಮಿ ಅಂದ. ಒಂದು ಹೆಜ್ಜೆ ಮುಂದಿಟ್ಟರೆ ಸೂರ್ಯ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಬದು ಹತ್ತಿ ಇಳಿದರೆ ಅವನು ಆಚೆ ಗದ್ದೆಯಲ್ಲಿದ್ದ. ಬಹಳ ಸಂಕೋಚದ ನೆಂಟ ಅಂದುಕೊಂಡ ಜವರ. ಚೀಲವನ್ನು ನೀರಿನ ಮೇಲಿಟ್ಟು, ನಾನು ನೋಡಲ್ಲ, ತಗೊಳ್ಳಿ ಅಂತ ಬೆನ್ನು ತಿರುಗಿಸಿ ನಿಂತ. ಕೊಕ್ಕರೆಗಳು ಗೂಡಿಗೆ ಹೋದವು. ನೀರು ತಣ್ಣಗಾಯಿತು. ತಿರುಗಿ ನೋಡಿದಾಗ ಸೂರ್ಯನೂ ಇರಲಿಲ್ಲ, ಚೀಲವೂ ಇರಲಿಲ್ಲ.

ಕೆಸರುಕಾಲಲ್ಲಿ ಬಂದ ಮಗನ ಬರಿಗೈ ನೋಡಿ ಅವ್ವ ಚೀಲ ಎಲ್ಲೋ ಅಂದಳು.

"ಕೊಟ್ಟು ಕಳಿಸಿದೆ ಕಣವ್ವ," ಅಂದ ಜವರ. "ಬ್ಯಾಡ ಬ್ಯಾಡ ಅಂತಿದ್ದ. ನಾನು ಆ ಕಡೆ ತಿರುಗಿದ ಮೇಲೆ ಮೆತ್ತಗೆ ತಗೊಂಡು ಹೋದ."